ಮೊದಲು ಓದಿದವರ ಚೀಟಿ

"ರಾಜಕುಮಾರ ಮತ್ತೆ ಹಲ್ಲು ಕಡಿದ!" ಎಂದು ಗುಬ್ಬಿ ಪುಸ್ತಕವನ್ನು ಹಾಸಿಗೆಯ ಮೇಲೆ ಕುಕ್ಕಿದಳು. "ಇನ್ನೂರ ಹನ್ನೆರಡು ಪುಟದಲ್ಲಿ ನಲವತ್ತೊಂದು ಸಲ ಆಯ್ತು ಅಕ್ಕ! ಇವನಿಗೆ ಹಲ್ಲುನೋವೇನೋ. ಯಾರಾದ್ರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗಬಾರದಾ?"

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಅಕ್ಕ ತಿರುಗಿಯೂ ನೋಡಲಿಲ್ಲ. "ಅದು ಪ್ರೀತಿಯ ಕೋಪ ಕಣೇ. ನಿಂಗೆಲ್ಲಿ ಅರ್ಥ ಆಗುತ್ತೆ?"

ಗುಬ್ಬಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಕಪ್ಪು ರೆಕ್ಕೆಯ ರಾಜಕುಮಾರ, ಕತ್ತಿ ಹಿಡಿದ ಹುಡುಗಿ. ಅವನು ಹಲ್ಲು ಕಡಿಯುತ್ತಾನೆ, ಇವಳು ಉಸಿರು ಬಿಗಿಹಿಡಿಯುತ್ತಾಳೆ. ಯುದ್ಧ ನಾಳೆ ಎನ್ನುತ್ತಾರೆ, ಆ ನಾಳೆ ಬರುವುದೇ ಇಲ್ಲ. ಇನ್ನೂ ಮುನ್ನೂರು ಪುಟ ಬಾಕಿ.

ಓದದೆ ಬಿಡುವ ಹಾಗೂ ಇರಲಿಲ್ಲ. ಅವರ ಶಾಲೆಯಲ್ಲಿ ಒಂದೊಂದು ಕ್ಲಾಸಿಗೆ ವರ್ಷಕ್ಕೆ ಒಂದೇ ಹೊಸ ಪುಸ್ತಕ. ಯಾವುದು ಬೇಕೆಂದು ಮಕ್ಕಳೇ ಕೈ ಎತ್ತಿ ಆರಿಸಬೇಕು. ಪುಸ್ತಕದ ಹೆಸರು ಹೇಳಿದವರೇ ಅದನ್ನು ಮೊದಲು ಓದಬೇಕು. ಓದಿ, ಹೇಗಿದೆಯೆಂದು ಚೀಟಿ ಬರೆದು ಒಳಗಿನ ರಟ್ಟಿಗೆ ಅಂಟಿಸಬೇಕು. ಲೈಬ್ರರಿ ಮಿಸ್ ಆ ಚೀಟಿಯಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲ. ಉಳಿದವರು ಚೀಟಿ ನೋಡಿಯೇ ಪುಸ್ತಕವನ್ನು ಮನೆಗೆ ಒಯ್ಯುವುದು.

ಈ ಪುಸ್ತಕದ ಹೆಸರು ಹೇಳಿದವಳು ಗುಬ್ಬಿಯೇ. ಅಕ್ಕನ ಮೊಬೈಲಿನಲ್ಲಿ ರೀಲ್ಸ್ ನೋಡಿದ್ದಳಲ್ಲ! ಯಾವ ರೀಲ್ ತೆರೆದರೂ ಇದೇ ಪುಸ್ತಕ. ಎಲ್ಲರೂ ಅದನ್ನು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅಳುವವರೇ. ಗುಬ್ಬಿ ಕ್ಲಾಸಿನಲ್ಲಿ ಬೆಂಚು ಹತ್ತಿ ನಿಂತು, "ಇದನ್ನ ಓದಿ ಅಳದೇ ಇರೋರು ಒಬ್ಬರೂ ಇಲ್ಲ, ಬೇಕಾದ್ರೆ ನೋಡಿ!" ಎಂದು ಕೂಗಿದ್ದಳು.

ಅದೇ ಬೆಂಚಿನಲ್ಲಿ ಕೂರುತ್ತಿದ್ದ, ಎಲ್ಲರೂ ಚಷ್ಮಾ ಎಂದು ಕರೆಯುತ್ತಿದ್ದ ಕನ್ನಡಕದ ಹುಡುಗಿ ಅವಳ ಪ್ರಾಣಸ್ನೇಹಿತೆ. ಅವಳು ಆಕ್ಟೋಪಸ್ ಬಗ್ಗೆ ಒಂದು ಪುಸ್ತಕ ಹೇಳಿದ್ದಳು. "ಅದಕ್ಕೆ ಮೂರು ಹೃದಯ ಇರುತ್ತೆ, ಗೊತ್ತಾ?"

"ಮೂರಿದ್ದೂ ಒಂದು ಲವ್ ಸ್ಟೋರಿ ಇಲ್ವಲ್ಲೇ!" ಎಂದಿದ್ದಳು ಗುಬ್ಬಿ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಕೈ ಎತ್ತುವ ಹೊತ್ತಿಗೆ ಚಷ್ಮಾ ಕೂಡ ತನ್ನ ಪುಸ್ತಕಕ್ಕೆ ಕೈ ಎತ್ತಲಿಲ್ಲ. ಅಂದಿನಿಂದ ಅವಳು ಬೇರೆ ಬೆಂಚಿನಲ್ಲಿ ಕೂರುತ್ತಿದ್ದಳು.

"ಒಂದು ನಿಮಿಷ ಕೊಡೇ ಇಲ್ಲಿ," ಎಂದು ಅಕ್ಕ ಪುಸ್ತಕ ಕಸಿದುಕೊಂಡಳು. ಕಿಟಕಿಯ ಬೆಳಕಿಗೆ ನಿಂತು, ಮೊಬೈಲನ್ನು ಮೇಜಿಗೆ ಒರಗಿಸಿದಳು. ನೀರಿನ ಲೋಟದಲ್ಲಿ ಬೆರಳು ಅದ್ದಿ ಎರಡೂ ಕಣ್ಣಿನ ಕೆಳಗೆ ಒಂದೊಂದು ಹನಿ ಇಟ್ಟುಕೊಂಡಳು. ವಿಡಿಯೋ ಶುರು ಮಾಡಿ, ಮಧ್ಯದ ಯಾವುದೋ ಪುಟ ತೆರೆದು, ಎದೆಗೆ ಒತ್ತಿಕೊಂಡು, ಭುಜ ಕುಣಿಸಿದಳು.

ಗುಬ್ಬಿ ಬಾಯಿ ಬಿಟ್ಟುಕೊಂಡು ನೋಡಿದಳು. "ಯಾವ ಪುಟಕ್ಕೆ ಅಳ್ತಿದೀಯಾ ಅಕ್ಕ?"

"ಯಾವುದೋ ಒಂದು. ನಾನೆಲ್ಲಿ ಓದಿದೀನಿ?"

"ಓದದೇನೇ ಅಳ್ತೀಯಾ?"

"ಅಯ್ಯೋ ಪೆದ್ದಿ, ಐನೂರು ಪುಟ ಯಾರೇ ಓದ್ತಾರೆ? ಎಲ್ರೂ ಮಾಡ್ತಿದಾರೆ, ನಾನೂ ಮಾಡಿದೆ." ಅಕ್ಕ ಕೆನ್ನೆ ಒರೆಸಿಕೊಂಡು, ರೀಲ್ ಹಾಕಿ, ಮೊಬೈಲನ್ನೇ ನೋಡುತ್ತಾ ಕೂತಳು. "ಆಹಾ, ಆಗಲೇ ಕಮೆಂಟ್ ಬಂತು! ಯಾವುದೋ ಹುಡುಗಿ ಕೇಳ್ತಿದಾಳೆ, 'ಅಷ್ಟು ಚೆನ್ನಾಗಿದ್ಯಾ ಅಕ್ಕ?' ಅಂತ."

"ಏನು ಹೇಳ್ತೀಯಾ?"

"ಓದಲೇಬೇಕು ಅಂತೀನಿ. ಇನ್ನೇನು ಹೇಳಲಿ?"

ಗುಬ್ಬಿಗೆ ಅಕ್ಕನ ಮೇಲೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದಳು. ಆದರೆ ಬೆಂಚಿನ ಮೇಲೆ ನಿಂತು ಕೂಗಿದವಳು ಯಾರು? ಅವಳೇನು ಓದಿದ್ದಳೇ? ಪುಸ್ತಕವನ್ನು ವಾಪಸು ಇಸಿದುಕೊಂಡು ಇನ್ನೂರ ಹದಿಮೂರನೇ ಪುಟ ತೆರೆದಳು.

ಭಾನುವಾರ ಪೂರ್ತಿ ಕೂತು ಓದಿ ಮುಗಿಸಿದಳು. ಯುದ್ಧ ಬರಲೇ ಇಲ್ಲ. ಕೊನೆಯ ಪುಟದಲ್ಲಿ ಎರಡನೇ ಭಾಗ ಓದಿ ಎಂದಿತ್ತು. ಗುಬ್ಬಿಗೆ ಅಳು ಬಂತು. ಆದರೆ ಅದು ರಾಜಕುಮಾರನಿಗಾಗಿ ಅಲ್ಲ.

'ಸೂಪರ್' ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಳು. 'ಸೂ' ಬರೆದಳು. ಆ ಚೀಟಿಯನ್ನು ಹರಿದು ಹಾಕಿದಳು.

ಸೋಮವಾರ ಲೈಬ್ರರಿಯಲ್ಲಿ ಎಲ್ಲರೂ ಪುಸ್ತಕದ ಸುತ್ತ ಮುತ್ತಿಕೊಂಡರು. ಮುಂದೆ ನಿಂತ ಹುಡುಗ ಚೀಟಿಯನ್ನು ಗಟ್ಟಿಯಾಗಿ ಓದಿದ: "ನಾನು ಓದದೇನೇ ಈ ಪುಸ್ತಕ ಬೇಕು ಅಂದಿದ್ದೆ. ಈಗ ಪೂರ್ತಿ ಓದಿದೆ. ಚೆನ್ನಾಗಿಲ್ಲ."

ಎಲ್ಲರೂ ಒಟ್ಟಿಗೆ ಶುರುಮಾಡಿದರು.

"ಸುಳ್ಳುಬುರುಕಿ!"

"ಇಡೀ ವರ್ಷದ ಪುಸ್ತಕ ಹಾಳು ಮಾಡಿದ್ಯಲ್ಲೇ!"

"ಇನ್ನೊಂದು ತರಿಸಿ ಮಿಸ್, ಪ್ಲೀಸ್!"

"ಮುಂದಿನ ವರ್ಷ," ಎಂದರು ಲೈಬ್ರರಿ ಮಿಸ್. ಅವರ ದನಿಯಲ್ಲಿ ಕೋಪವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಒಬ್ಬೊಬ್ಬರೇ ಹೊರಟುಹೋದರು. ಚಷ್ಮಾ ಮಾತ್ರ ನಿಂತಿದ್ದಳು. ಚೀಟಿಯನ್ನು ಮತ್ತೊಮ್ಮೆ ಓದಿ, ಮಿಸ್ ಮುಂದಿದ್ದ ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆದಳು.

"ನೀನು ತಗೋಬೇಡ ಕಣೇ," ಎಂದಳು ಗುಬ್ಬಿ. "ನಿಜವಾಗ್ಲೂ ಚೆನ್ನಾಗಿಲ್ಲ. ನನ್ನ ಮಾತು ನಂಬು."

"ಎಲ್ಲರೂ ಒಂದು ಸಲ ನಂಬಿ ಆಯ್ತಲ್ಲ," ಎಂದಳು ಚಷ್ಮಾ. "ಚೆನ್ನಾಗಿದೆಯೋ ಇಲ್ವೋ, ನಾನೇ ಓದಿ ನೋಡ್ತೀನಿ."

ಗುಬ್ಬಿ ಆಣೆ ಇಡೋಣವೆಂದುಕೊಂಡಳು. ಇಡಲಿಲ್ಲ. ಭಾರವಾದ ಆ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ಚಷ್ಮಾಳ ಕೈಗೆ ಕೊಟ್ಟಳು.