ಬಾರಿಸದ ನಗಾರಿ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲ. ಆಗ ನಗಾರಿಪುರ ಎಂಬ ರಾಜ್ಯವಿತ್ತು. ಅಲ್ಲಿ ಏನು ನಡೆದರೂ ನಗಾರಿ ಬಾರಿಸಬೇಕು. ಮಗು ಹುಟ್ಟಿದರೆ ನಗಾರಿ, ಎಮ್ಮೆ ಈದರೆ ನಗಾರಿ, ರಾಜ ಉದ್ದಂಡರಾಯ ಸೀನಿದರೂ ನಗಾರಿ. ಊರ ನಾಯಿಗಳು ಬೊಗಳುವುದನ್ನೇ ಬಿಟ್ಟಿದ್ದವು. ಬೊಗಳಿದರೆ ಯಾರಿಗೆ ಕೇಳಬೇಕು?

ಹೊಳೆಯಾಚೆ ಧೂಮಕೇಶನೆಂಬ ಮಾಂತ್ರಿಕನ ಕೋಟೆ. ಅವನ ದಡ ಮುಟ್ಟಿದವರೆಲ್ಲ ಅವನ ಸೆರೆಯಾಳುಗಳು. ಸೆರೆಯಲ್ಲಿ ಕೆಮ್ಮು ಹಿಡಿಯುತ್ತಿತ್ತು, ಎದೆಯೊಳಗೆ ಕಲ್ಲು ಬೆಳೆಯುತ್ತಿತ್ತು, ಕೊನೆಗೆ ಮನುಷ್ಯನೇ ಕಲ್ಲಾಗಿ ಕೋಟೆಯ ಗೋಡೆ ಸೇರುತ್ತಿದ್ದ. ಆ ಗೋಡೆಗೆ ಜೀವವಿತ್ತು. ಸದ್ದೇ ಅದರ ಅನ್ನ.

ಅಂಬಿಗ ಭರಮಪ್ಪ ಮತ್ತು ಅವನ ಜೊತೆಯವರು ಬಿರುಗಾಳಿಗೆ ಸಿಕ್ಕಿ ಆ ದಡಕ್ಕೆ ಬಿದ್ದರು. "ನಿನ್ನ ಗಂಡನ ಎದೆ ಅರ್ಧ ಕಲ್ಲಾಗಿದೆ, ಅಮಾವಾಸ್ಯೆ ಕಾಣಲಾರ" ಎಂದು ಮಾತಾಡುವ ಬೆಳ್ಳಕ್ಕಿಯೊಂದು ಬಂದು ಅವನ ಹೆಂಡತಿ ಸಾತವ್ವನಿಗೆ ಹೇಳಿತು.

ಮೊದಲು ಸೇನಾಪತಿ ಆನೆಯ ಮೇಲೆ ನಗಾರಿ ಹೇರಿಕೊಂಡು ಹೊಳೆಯ ಈಚೆ ದಡಕ್ಕೆ ಹೋದ. "ನಮ್ಮವರನ್ನು ಬಿಡು!" ಎಂದು ಕೂಗಿದ. ಗೋಡೆ ಆಳೆತ್ತರ ಬೆಳೆಯಿತು. ಆಮೇಲೆ ಮಂತ್ರಿ ದೋಣಿ ತುಂಬ ನಗಾರಿ ತುಂಬಿಕೊಂಡು ನಡುಹೊಳೆಗೆ ಹೋಗಿ ಬಾರಿಸಿದ. ಗೋಡೆ ಮೋಡ ಮುಟ್ಟಿತು.

ಮೂರನೆಯವಳು ಸಾತವ್ವ. "ಮಹಾಸ್ವಾಮಿ, ನಾನೊಬ್ಬಳೇ ಹೋಗಿ ಬರ್ತೀನಿ. ಹೋಗಿದ್ದು ಯಾರಿಗೂ ಗೊತ್ತಾಗಬಾರದು."

"ನಗಾರಿ ಇಲ್ಲದೆಯೇ?" ರಾಜ ಸಿಂಹಾಸನದಿಂದ ಅರ್ಧ ಎದ್ದ. "ಒಂದು ಚಿಕ್ಕದು?"

"ಚಿಕ್ಕದೂ ಬೇಡ."

ಅವಳು ದೋಣಿಯಲ್ಲಿ ಹೊಳೆ ದಾಟಿದಳು. ಕೋಟೆಯ ಬಾಗಿಲಲ್ಲಿ ಬೆಂಕಿಯ ಹುಲಿ ಮಲಗಿತ್ತು. ಸಾತವ್ವನ ಬರಿಗಾಲ ಸಪ್ಪಳಕ್ಕೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಮೆಟ್ಟಿಲ ಮೇಲೆ ಧೂಮಕೇಶ ಕೂತಿದ್ದ. ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತಳು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

"ಬಿಡಿಸಿಕೊಳ್ಳೋಕೆ ಬಂದೆಯಾ?"

"ನೋಡೋಕೆ ಬಂದೆ, ಒಡೆಯಾ. ನನ್ನ ಗಂಡನಿಗೆ ಮೈ ಸರಿಯಿಲ್ಲ."

ಮಾಂತ್ರಿಕ ಕೆಂಪಾದ ಕಣ್ಣುಜ್ಜಿಕೊಂಡ. "ಅವರ ಕೆಮ್ಮಿಗೆ ನನಗೂ ನಿದ್ದೆಯಿಲ್ಲ. ಆದರೆ ಬಿಟ್ಟರೆ, ಧೂಮಕೇಶ ಸೋತ ಅಂತ ನಿಮ್ಮ ರಾಜ ಡಂಗುರ ಸಾರಿಸ್ತಾನೆ."

"ಸಾರಿಸೋದಿಲ್ಲ. ಕಾಯಿಲೆಯವರು ಅಂತ ನೀವೇ ಕಳಿಸಿಕೊಟ್ಟ ಹಾಗಾಗಲಿ. ನಾನು ಕೇಳಿಲ್ಲ, ನೀವು ಸೋತಿಲ್ಲ."

"ಹಾಗಾದರೆ ಕರ್ಕೊಂಡು ಹೋಗು. ಆದರೆ ಅವರು ತಮ್ಮ ಹೊಸ್ತಿಲು ದಾಟೋದರೊಳಗೆ ಒಂದು ನಗಾರಿ ಮೊಳಗಿದರೂ ಎಲ್ಲರೂ ನಿಂತಲ್ಲೇ ಕಲ್ಲು. ನೀನೂ ಕಲ್ಲು."

"ಆಗಲಿ" ಎಂದಳು ಸಾತವ್ವ. ಆದರೆ ತನ್ನ ರಾಜ ಎಂಥವನೆಂದು ಅವಳಿಗೆ ಗೊತ್ತಿತ್ತಲ್ಲ.

ಬೆಳ್ಳಕ್ಕಿ ಮುಂದಾಗಿ ಹಾರಿ, ನಗಾರಿ ಮೊಳಗಿದರೆ ಎಲ್ಲರೂ ಕಲ್ಲೆಂಬ ಸುದ್ದಿ ಮುಟ್ಟಿಸಿತು. ದೋಣಿ ಬರುವಾಗ ಊರಿಗೆ ಊರೇ ದಡದಲ್ಲಿ ಬಾಯಿಗೆ ಕೈ ಅಡ್ಡವಿಟ್ಟು ನಿಂತಿತ್ತು. ಭರಮಪ್ಪ ಹೆಂಡತಿಯ ಹೆಗಲು ಹಿಡಿದು ಇಳಿದ. ಆಗ ಮುದಿ ನಗಾರಿಯವನ ಕೈ ರೂಢಿಯ ಬಲದಿಂದ ತಾನಾಗಿಯೇ ಮೇಲೆದ್ದಿತು. ಪಾಪ, ಹುಟ್ಟಿದಾಗಿನಿಂದ ಬಾರಿಸಿದ ಕೈ ಅದು.

ಕಂಡವನು ರಾಜನೊಬ್ಬನೇ. ಓಡಿಹೋಗಿ ನಗಾರಿಯ ಚರ್ಮದ ಮೇಲೆ ತನ್ನ ಕೈಯಿಟ್ಟ. ಕೋಲು ಬೆರಳುಗಳ ಮೇಲೆ ಬಿತ್ತು. ಮೂಳೆ ಮುರಿಯಿತು. ಸೀನಿದ್ದನ್ನೂ ಊರಿಗೆಲ್ಲ ತಿಳಿಸುತ್ತಿದ್ದ ಉದ್ದಂಡರಾಯ ಕಣ್ಣಲ್ಲಿ ನೀರು ತುಂಬಿಕೊಂಡು ತುಟಿ ಕಚ್ಚಿ ನಿಂತ. ಉಸಿರೆತ್ತಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಮನೆ ಸೇರಿದರು. ಕೊನೆಗೆ ಭರಮಪ್ಪ ಹೊಸ್ತಿಲು ದಾಟಿ ಒಮ್ಮೆ ಕೆಮ್ಮಿದ. ಹುಣಿಸೆ ಬೀಜದಷ್ಟು ಕಲ್ಲೊಂದು ಬಾಯಿಂದ ಬಿತ್ತು. ಅವನು ಎದೆ ತುಂಬ ಉಸಿರೆಳೆದುಕೊಂಡ.

ಆಗ ಹೊಳೆಯಾಚೆ, ಸದ್ದು ಸಿಗದೆ ಹಸಿದ ಗೋಡೆ ನಿಟ್ಟುಸಿರು ಬಿಟ್ಟಿತು. ಒಂದೊಂದು ಕಲ್ಲೂ ಒಬ್ಬೊಬ್ಬ ಮನುಷ್ಯನಾಯಿತು. ಅಜ್ಜಂದಿರು, ಮುತ್ತಜ್ಜಂದಿರು, ಯಾರೂ ಕಂಡರಿಯದ ಹಳೆಯ ಕಾಲದ ರುಮಾಲಿನವರು, ನೀರಿನ ಮೇಲೆ ನಡೆದುಕೊಂಡು ಬಂದರು. ಹೊಳೆ ಅವರನ್ನು ಹೊತ್ತುಕೊಂಡಿತು. ನೋಡುತ್ತಿದ್ದವರು ಸದ್ದು ಮಾಡದೆ ಕೈಚಾಚಿ ಅವರನ್ನು ದಡ ಹತ್ತಿಸಿಕೊಂಡರು. ಗೋಡೆಯ ಜೊತೆಗೆ ಮಾಯೆಯೂ ಕಳೆದುಹೋದ ಧೂಮಕೇಶ ಬಿಸಿಲಲ್ಲಿ ಮಲಗಿ ಗೊರಕೆ ಹೊಡೆದ. ಹುಲಿ ಬೆಕ್ಕಾಗಿ ಅವನ ಕಾಲ ಬಳಿ ಸುತ್ತಿಕೊಂಡಿತು.

ಎಲ್ಲರೂ ಉಂಡು ಉಟ್ಟು ಸುಖವಾಗಿ ಬಾಳಿದರು. ಅಂದಿನಿಂದ ಆ ರಾಜ್ಯದಲ್ಲಿ ಸೆರೆಯಿಂದ ಬಂದವರಿಗೆ ನಗಾರಿ ಬಾರಿಸುವುದಿಲ್ಲ, ಕೈ ಹಿಡಿದು ಒಳಗೆ ಕರೆಯುತ್ತಾರೆ. ರಾಜನ ಎರಡು ಬೆರಳು ಸೊಟ್ಟಗೇ ಉಳಿದವು. ಹೇಗಾಯಿತೆಂದು ಮಕ್ಕಳು ಕೇಳಿದರೆ, "ಬಾಗಿಲಿಗೆ ಸಿಕ್ಕಿತ್ತು" ಎನ್ನುತ್ತಿದ್ದ.