ಬೂದಿ ನೆಲದ ಮೇಲೆ ಅವನು

ಅವನನ್ನು ಮತ್ತೆ ನೋಡಿದರೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಹೆಲ್ಮೆಟ್, ಅದೇ ಹಾಳು ನಗೆ. ನನ್ನ ನೆಲ ಪರೀಕ್ಷಿಸಲು ಗೋಡೌನಿನ ಯಜಮಾನರು ಕರೆಸಿದ ಎಂಜಿನಿಯರ್ ಇವನೇ ಎಂದು ಯಾರೂ ಹೇಳಿರಲಿಲ್ಲ.

ನನ್ನ ನೆಲ ಅಂದರೆ ಬೂದಿಯ ನೆಲ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ ನಮ್ಮ ಬೀದಿಯ ಹಿಂದೆ ಗುಡ್ಡೆ ಬಿದ್ದಿತ್ತು; ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ, ಕುಡಿಯುವ ನೀರು, ಎಲ್ಲದರ ಮೇಲೂ ಅದೇ. ಸಿಮೆಂಟಿನ ಅರ್ಧ ಪಾಲು ತೆಗೆದು ಆ ಬೂದಿ ಹಾಕಿ ಕಾಂಕ್ರೀಟ್ ಮಾಡುವುದು ನನ್ನ ಹುಚ್ಚು. ಗೋಡೌನಿಗೆ ಇಂದು ಹಾಕಿದ ಈ ನೆಲ ಪಾಸಾದರೆ ಉಳಿದ ಕಟ್ಟಡವೂ ನನ್ನ ಮಿಶ್ರಣದಲ್ಲೇ ಏಳುತ್ತದೆ. ಇಲ್ಲದಿದ್ದರೆ ಎಲ್ಲರಂತೆ ಬರಿ ಸಿಮೆಂಟು.

ಹಳೆಯ ಕಂಪನಿಯಲ್ಲಿ ನಾವಿಬ್ಬರೂ ಒಂದೇ ಲ್ಯಾಬಿನಲ್ಲಿದ್ದೆವು. ಮದುವೆಯ ಮಾತೂ ಆಗಿತ್ತು. ನಾನು ಮೊದಲ ಸಲ ಮೀಟಿಂಗಿನಲ್ಲಿ ಬೂದಿಯ ವಿಷಯ ಎತ್ತಿದ ದಿನ, ಬಾಸ್ ಮೆಚ್ಚಲಿ ಎಂದು ಇವನು, "ಮೇಡಂ ಮನೇಲಿ ಪಾತ್ರೆ ಉಜ್ಜೋ ಬೂದಿ ಜಾಸ್ತಿ ಆಗಿರ್ಬೇಕು ಸರ್," ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಅಂದಿನಿಂದ ಅವನ ಫೋನ್ ಎತ್ತಿಲ್ಲ.

"ಚೆನ್ನಾಗಿದ್ದೀರಾ?" ಅವನ ಕಣ್ಣು ನನ್ನ ಕಣ್ಣನ್ನು ಹುಡುಕಿತು.

"ನಿಮ್ಮನ್ನ ನೋಡೋವರೆಗೂ ಚೆನ್ನಾಗಿದ್ದೆ."

"ಸಿಟ್ಟು ಬಂದ್ರೆ ನಿಮ್ಮ ಮೂಗು ಈಗ್ಲೂ ಕೆಂಪಾಗತ್ತೆ."

"ಕೆಲಸ ನೋಡಿ."

ಅವನು ನೆಲದ ಅಂಚಿಗೆ ಬಂದ. "ಕಾಲಿಡಬಹುದಾ?"

ನಸುಕಿನಲ್ಲಿ ಹಾಕಿದ ಕಾಂಕ್ರೀಟು ಮೇಲೆ ಗಾಳಿಗೆ ಒಣಗಿ ಗಟ್ಟಿಯಾದಂತೆ ಕಾಣುತ್ತಿತ್ತು. ಆದರೆ ಬೂದಿ ಬೆರೆತದ್ದು ಚಳಿಯಲ್ಲಿ ನಿಧಾನ. ಒಳಗಿನ್ನೂ ನಾದಿದ ಹಿಟ್ಟಿನ ಹಾಗಿತ್ತು. ನಾನು ಆ ಬಿಳಿ ಶರ್ಟು ನೋಡಿದೆ, ಮಿರುಗುವ ಬೂಟು ನೋಡಿದೆ. ಆಸೆ ತಡೆಯಲಾಗಲಿಲ್ಲ.

"ಧಾರಾಳವಾಗಿ," ಅಂದೆ.

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕಾಲಿಟ್ಟ. ಮೊದಲ ಹೆಜ್ಜೆಗೆ ಬೂಟು ಹೂತಿತು. ಎರಡನೆಯದಕ್ಕೆ ಆಯ ತಪ್ಪಿ ಮಂಡಿಯೂರಿ ಬಿದ್ದ. ಗಾರೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಣ್ತುಂಬ ನೋಡಿದೆ. ಅಷ್ಟು ಹಿತವಾಗಿತ್ತು.

ಪಕ್ಕದಲ್ಲೇ ನಿಂತಿದ್ದ ಯಜಮಾನರು ಮಾತ್ರ ನಗಲಿಲ್ಲ. "ಮಧ್ಯಾಹ್ನ ಆಗ್ತಾ ಬಂತು, ಇನ್ನೂ ಕೆಸರಿನ ಹಾಗಿದೆ. ಇದನ್ನ ನಂಬಿ ಕಟ್ಟಡ ಕಟ್ಲಾ? ಬೂದಿ ಸಹವಾಸ ಸಾಕಮ್ಮ."

ಸೇಡಿನ ಭರದಲ್ಲಿ ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ.

ಅವನು ಬಿದ್ದಲ್ಲಿಂದಲೇ ಹೇಳಿದ. "ಬೂದಿ ಕಾಂಕ್ರೀಟು ಚಳಿಗೆ ತಡವಾಗಿ ಬಿಗಿಯತ್ತೆ ಸರ್. ಆದ್ರೆ ಹೋಗ್ತಾ ಹೋಗ್ತಾ ಬರಿ ಸಿಮೆಂಟಿಗಿಂತ ಗಟ್ಟಿ. ತಪ್ಪು ನಂದು. ಕಾಲಿಟ್ರೆ ಹೂತುಹೋಗತ್ತೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಯಾಕ್ರೀ ಇಟ್ರಿ?" ಯಜಮಾನರು ಕೇಳಿದರು.

"ಒಂದ್ಸಲ ಎಲ್ಲರ ಮುಂದೆ ಇವರನ್ನ ನಗೆಪಾಟಲು ಮಾಡಿದ್ದೆ. ಇವರು ಹೇಳಿದ್ದೇ ಸರಿಯಾಗಿತ್ತು. ಇವತ್ತು ಇವರೂ ನಗಲಿ ಅನ್ನಿಸ್ತು."

ಯಜಮಾನರು ಅವನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. "ಹಾಳು ಮಾಡಿದವರೇ ಸರಿ ಮಾಡಿ. ಸಂಜೆ ಬರ್ತೀನಿ. ಗಟ್ಟಿಯಾಗಿದ್ರೆ ಮುಂದಿನ ಮಾತು."

ಹಸಿ ಸಿಮೆಂಟು ಚರ್ಮ ಸುಡುತ್ತದೆ. ಪೈಪು ಹಿಡಿದು ಅವನ ಕಾಲಿಗೆ ನೀರು ಬಿಟ್ಟೆ, ಬೇಕೆಂದೇ ಜೋರಾಗಿ.

"ಕೊರೀತಿದೆ ಕಣೇ."

"ಕೊರೀಲಿ."

ಮಂಡಿ ಕೆಂಪಾಗಿದ್ದು ಕಂಡು ನೀರಿನ ರಭಸ ತಗ್ಗಿಸಿದೆ. ಇವನನ್ನು ಇನ್ನೂ ಪ್ರೀತಿಸುತ್ತಿದ್ದೆ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಇಬ್ಬರೂ ಹಲಗೆಯ ಮೇಲೆ ಕೂತು ಕರಣೆಯಿಂದ ಅವನ ಹೆಜ್ಜೆಗಳನ್ನು ಮುಚ್ಚಿದೆವು. ಸಂಜೆ ಯಜಮಾನರು ಬಂದು ಹಿಮ್ಮಡಿಯಿಂದ ಗುದ್ದಿ ನೋಡಿದರು. ನೆಲ ಮಿಸುಕಲಿಲ್ಲ. "ಸರಿ, ಉಳಿದದ್ದೂ ಇದರಲ್ಲೇ ಆಗಲಿ," ಅಂದರು.

ಅವರು ಅತ್ತ ಹೋದ ಮೇಲೆ ಅವನು ಮೆಲ್ಲಗೆ ಕೇಳಿದ, "ಸೇಡು ತೀರ್ತಾ?"

"ಇಲ್ಲ."

"ಇನ್ನೂ ಎಷ್ಟು ದಿನ ಬೇಕು?"

"ಮನೆಗೆ ಬಂದು ಅಮ್ಮನ್ನ ಕೇಳು. ಮದುವೆಯಾಗಿ ಮೂವತ್ತು ವರ್ಷ ಆಯ್ತು, ಅಪ್ಪನ ಮೇಲಿನ ಅವಳ ಸೇಡೇ ಇನ್ನೂ ತೀರಿಲ್ಲ."