ಗುರುವಾರದ ಎದೆಬಡಿತ

ಮೊದಲ ಭೇಟಿಯಲ್ಲೇ ಅವರು ನನ್ನ ಬಿಳಿ ಕೋಟಿನ ಮೇಲೆ ಕಾಫಿ ಚೆಲ್ಲಿದರು. ನನಗೋ ಮೂಗಿನ ತುದಿಯಲ್ಲೇ ಕೋಪ.

"ಲೋಟ ನೆಟ್ಟಗೆ ಹಿಡ್ಕೊಳ್ಳೋಕೆ ಆಗಲ್ವಾ?"

"ಆಗಲ್ಲ ಕಣ್ರೀ. ಅದಕ್ಕೇ ತಾನೆ ಇಲ್ಲಿಗೆ ಬಂದಿರೋದು," ಎಂದು ನಡುಗುವ ಕೈಗಳನ್ನು ಮುಂದೆ ಚಾಚಿದರು. ನಾನು ನಾಲಿಗೆ ಕಚ್ಚಿಕೊಂಡೆ.

ಅವರದು ಕನ್ನಡಕದ ಅಂಗಡಿ. ಎಳ್ಳಿನಷ್ಟು ಸ್ಕ್ರೂ ಕೂರಿಸುವ ಕೈಗೆ ನಡುಕ ಬಂದು ಅಂಗಡಿ ಮುಚ್ಚಿತ್ತು. ನಮ್ಮ ಆಸ್ಪತ್ರೆಯ ಮೇಲಿನ ಮಹಡಿಯ ಲ್ಯಾಬಿನವರು ವರ್ಷಗಟ್ಟಲೆ ಇಲಿಗಳ ಜೊತೆ ಹೆಣಗಿ ಆ ನಡುಕಕ್ಕೊಂದು ಗುಳಿಗೆ ಕಂಡುಹಿಡಿದಿದ್ದರು. ಇಲಿ ಗುಣವಾದರೆ ಸಾಕೇ? ಮನುಷ್ಯರಿಗೆ ಕೊಟ್ಟು ನೋಡಬೇಕು, ಏನೇನು ತೊಂದರೆಯಾಗುತ್ತದೆಂದು ಕೇಳಬೇಕು. ಆಮೇಲಷ್ಟೇ ಅದು ಔಷಧಿ ಅಂಗಡಿಯ ಕಪಾಟು ಹತ್ತುವುದು. ಆ ಕೇಳುವ ನರ್ಸ್ ನಾನು. ಪ್ರತಿ ಗುರುವಾರ ಎಲ್ಲರಿಗೂ ಫೋನ್ ಮಾಡುತ್ತಿದ್ದೆ. ಅವರ ನಂಬರನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

"ನಿದ್ದೆ?"

"ಬರುತ್ತೆ."

"ಹಸಿವು?"

"ಆಗುತ್ತೆ. ಒಬ್ಬನಿಗೋಸ್ಕರ ಅಡುಗೆ ಮಾಡ್ಕೊಳ್ಳೋಕೆ ಬೇಜಾರು ಅಷ್ಟೆ. ನಿಮಗೆ?"

"ನನ್ನನ್ನ ಕೇಳೋ ಹಾಗಿಲ್ಲ."

"ಬರ್ಕೋಬೇಡಿ. ಸುಮ್ನೆ ಹೇಳಿ."

"ನಂಗೂ ಬೇಜಾರೇ," ಎಂದೆ.

ನಿಜವೇ ಹೇಳಿದ್ದೆ. ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಫ್ರಿಜ್ಜಿನ ಗೊರಗೊರ ಒಂದೇ. ಭಾನುವಾರ ಅಕ್ಕ ಫೋನ್ ಮಾಡಿ, "ಇನ್ನಾದ್ರೂ ಯಾರನ್ನಾದ್ರೂ ನೋಡ್ಕೋಬಾರ್ದೇನೇ," ಎನ್ನುತ್ತಾಳೆ. ಅಂಗಡಿಯಲ್ಲಿ ಸಿಗುವ ವಸ್ತುವೇ ಅದು?

ಅವರ ಕೈನಡುಕ ನಿಧಾನವಾಗಿ ನಿಂತಿತು. ಅಂಗಡಿ ತೆರೆಯಿತು. ಆದರೆ ಒಂದು ಗುರುವಾರ, "ಎದೆ ಡವಡವ ಅನ್ನತ್ತೆ," ಎಂದರು. ಬರೆದುಕೊಂಡೆ. ಮುಂದಿನ ವಾರವೂ ಅದೇ ಮಾತು.

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇದು ಗುಳಿಗೆಯದ್ದೇ ತೊಂದರೆ ಇರ್ಬೇಕು ಸಿಸ್ಟರ್. ಇವರಿಗೆ ನಿಲ್ಸೋಣ. ಉಳಿದವರಿಗೂ ಕೊಡೋದೋ ಬೇಡ್ವೋ, ಯೋಚಿಸ್ಬೇಕು."

ನನ್ನ ಜೀವ ಬಾಯಿಗೆ ಬಂತು. ಗುಳಿಗೆ ನಿಂತರೆ ಅವರ ಅಂಗಡಿ ಮತ್ತೆ ಮುಚ್ಚುತ್ತದೆ. ಕೂಡಲೇ ಫೋನ್ ಮಾಡಿದೆ.

"ಸರಿಯಾಗಿ ಹೇಳಿ, ಎದೆ ಯಾವಾಗ ಹೊಡ್ಕೊಳ್ಳುತ್ತೆ?"

"ಗುರುವಾರ."

"ಗುರುವಾರ ಮಾತ್ರಾನಾ?"

"ಫೋನ್ ರಿಂಗ್ ಆದಾಗ." ಆಮೇಲೆ ಅವರೇ ಕೇಳಿದರು, "ಆಸ್ಪತ್ರೇಲಿ ಎಲ್ರೂ ನಿಮ್ಮನ್ನ ಸಿಸ್ಟರ್ ಅಂತಾರೆ. ನಾನು ಒಂದು ದಿನಾನಾದ್ರೂ ಅಂದಿದೀನಾ?"

ಅಂದಿರಲಿಲ್ಲ. ನನಗೆ ಅಳುವೋ ನಗುವೋ ತಿಳಿಯಲಿಲ್ಲ.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಡಾಕ್ಟರಿಗೆ ಹೇಳಿದರೆ ಅವರ ಗುಳಿಗೆ ಉಳಿಯುತ್ತದೆ, ನನ್ನ ಗುರುವಾರ ಹೋಗುತ್ತದೆ. ಹೇಳದಿದ್ದರೆ ಅವರ ಕೈ ಹೋಗುತ್ತದೆ.

ಹೇಳಿದೆ. ಡಾಕ್ಟರು ನಗಲಿಲ್ಲ. "ಕೇಳೋರಿಗೂ ಹೇಳೋರಿಗೂ ಸಲಿಗೆ ಇದ್ರೆ ನಮ್ಮ ಪರೀಕ್ಷೆ ಕೆಡುತ್ತೆ. ಗುಳಿಗೆ ಪೇಟೆಗೆ ಬರೋವರೆಗೂ ನೀವು ಅವರ ಜೊತೆ ಮಾತಾಡೋ ಹಾಗಿಲ್ಲ. ಗೊತ್ತಲ್ವಾ?"

"ಗೊತ್ತು," ಎಂದೆ.

ಪಕ್ಕದ ಟೇಬಲಿನ ಹುಡುಗಿಗೆ ಅವರ ನಂಬರು ಹೋಯಿತು. ಮುಂದಿನ ಗುರುವಾರ ಅವಳು ಫೋನ್ ಇಟ್ಟು, "ಅವರಿಗೀಗ ಎದೆ ಡವಡವ ಅನ್ನಲ್ವಂತೆ ಸಿಸ್ಟರ್, ಪೂರ್ತಿ ಸರಿಹೋಗಿದೆ," ಎಂದಳು. ಒಳ್ಳೆಯ ಸುದ್ದಿಯೇ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಎಷ್ಟೋ ಗುರುವಾರಗಳು. ಊರಿನವರಿಗೆಲ್ಲ ನಿದ್ದೆ ಬಂತೇ, ಹಸಿವಾಯಿತೇ ಎಂದು ಕೇಳಿದೆ. ನನ್ನನ್ನು ಯಾರೂ ಕೇಳಲಿಲ್ಲ. ಗುಳಿಗೆ ಔಷಧಿ ಅಂಗಡಿಗೆ ಬರುವಷ್ಟರಲ್ಲಿ ನನ್ನ ಕಿವಿಯ ಬಳಿ ಕೂದಲು ನರೆತಿತ್ತು.

ಅದು ಬಂತೆಂದು ತಿಳಿದ ಸಂಜೆ, ಸ್ಕ್ರೂ ಸಡಿಲವಾಗಿದ್ದ ಕನ್ನಡಕ ಹಿಡಿದು ಹೊರಟೆ. ದಾರಿಯಲ್ಲಿ ಬೇರೆ ಕನ್ನಡಕದ ಅಂಗಡಿ ಇರಲಿಲ್ಲವೇ? ಇದ್ದವು.

ಅವರು ತಲೆಯೆತ್ತಿ ನೋಡಿದರು. ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹಳೇ ಸ್ಕ್ರೂ ತೆಗೆದು ಹೊಸದು ಕೂರಿಸಿದರು. ಬೆರಳು ಕದಲಲಿಲ್ಲ. ನಾನು ಅದನ್ನೇ ಕಣ್ತುಂಬ ನೋಡಿದೆ.

"ಸರಿಯಾಗಿ ಕೂರುತ್ತಾ ನೋಡೋಣ," ಎಂದು ನನ್ನ ಮುಖಕ್ಕೆ ಕನ್ನಡಕ ತೊಡಿಸಲು ಬಂದಾಗ ಆ ಕೈ ಗಡಗಡ ನಡುಗಿತು. ಕಿವಿ ಸಿಗದೆ ಕನ್ನಡಕದ ಕಡ್ಡಿ ಕೆನ್ನೆಗೆ ತಾಗಿತು.

"ಇವತ್ತು ಗುಳಿಗೆ ತಗೊಂಡಿಲ್ವಾ?"

"ತಗೊಂಡಿದೀನಿ."

ಇಷ್ಟು ವರ್ಷದಲ್ಲಿ ಮೊದಲ ಸಲ, ನಾನು ಏನನ್ನೂ ಬರೆದುಕೊಳ್ಳಲಿಲ್ಲ. ಆ ಕೈ ಹಿಡಿದುಕೊಂಡೆ.